ವಾಸಣ್ಣನ ಆಸ್ಟ್ರೇಲಿಯಾ

ಬೆಳಿಗ್ಗೆ ವಾಸಣ್ಣನ ಹೋಟೆಲಿಗೆ ಬೇಗ ಹೋದವರು ಬಾಗಿಲ ಹೊರಗೆ ನಿಲ್ಲಬೇಕಿತ್ತು. ಒಳಗೆ ಕೆಲಸದವರು ತಿಂಡಿ ತಿನ್ನುತ್ತಿದ್ದರು. ಗಿರಾಕಿಗಳು ತಿಂದು ಉಳಿದರೆ ಕೆಲಸದವರಿಗೆ ಎಂಬುದು ಬೇರೆಡೆಯ ಪದ್ಧತಿ. ಕಾಪುವಿನ ಈ ಒಂದು ಹೋಟೆಲಿನಲ್ಲಿ ಮಾತ್ರ ಎಲ್ಲ ಉಲ್ಟಾ. "ಹಸಿದವ ಬಡಿಸಿದರೆ ಕೈ ನಡುಗುತ್ತದೆ, ಸಾಂಬಾರು ನಿಮ್ಮ ಅಂಗಿಗೇ ಬೀಳುವುದು. ಸ್ವಲ್ಪ ನಿಲ್ಲಿ ಮಾರಾಯ್ರೆ," ಎಂದು ವಾಸಣ್ಣ ಒಳಗಿನಿಂದಲೇ ಕೂಗುತ್ತಿದ್ದರು.

ಎರ್ಮಾಳಿನ ಮೀನುಗಾರರ ಮನೆಯಲ್ಲಿ ಹುಟ್ಟಿ, ಸರಕು ಹಡಗುಗಳಲ್ಲಿ ಅಡುಗೆ ಮಾಡುತ್ತ ದೇಶದೇಶಗಳ ಬಂದರು ಕಂಡವರು ಅವರು. ನಾನು ಉಡುಪಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವವನು. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಮ್ಮಿಬ್ಬರ ಜಗಳವಿಲ್ಲದೆ ಗಿರಾಕಿಗಳಿಗೆ ಸಂಜೆಯ ಚಹಾ ರುಚಿಸುತ್ತಿರಲಿಲ್ಲ. ಕನಿಷ್ಠ ಕೂಲಿ ಏರಿಸಿದರೆ ದೇಶ ಗಟ್ಟಿಯಾಗುತ್ತದೆ ಎಂದು ಅವರು; ಇರುವ ಕೆಲಸವೂ ಹೋಗುತ್ತದೆ ಎಂದು ನಾನು. ಕೂಲಿಯವನಿಗೂ ಕೈತುಂಬ ಸಂಬಳ ಕೊಡುವ ಆಸ್ಟ್ರೇಲಿಯಾ ನೋಡಿ ಎಂದು ಅವರೆಂದರೆ, ಸಿಂಗಾಪುರ ನೋಡಿ ಎಂದು ನಾನೆನ್ನುತ್ತಿದ್ದೆ. ಅಲ್ಲಿ ಕನಿಷ್ಠ ಕೂಲಿಯ ಕಾನೂನೇ ಇಲ್ಲ, ಆದರೂ ಎಂಥ ಶ್ರೀಮಂತ ದೇಶ!

"ಅಲ್ಲಿ ರಸ್ತೆ ಅಗೆಯುವವ ಯಾರು ಮಾಷ್ಟ್ರೇ? ನಾನು ಕಣ್ಣಾರೆ ಕಂಡಿದ್ದೇನೆ. ಅವ ಆ ದೇಶದವನೇ ಅಲ್ಲ. ಅವನ ಬಡತನವನ್ನು ನೀವು ಯಾವ ದೇಶದ ಲೆಕ್ಕಕ್ಕೆ ಹಾಕುತ್ತೀರಿ?"

ಕೂತವರೆಲ್ಲ ತಲೆಯಾಡಿಸುವರು. ಓಟೆಲ್ಲ ವಾಸಣ್ಣನಿಗೇ ಬೀಳುವುದು ನನಗೆ ಅಭ್ಯಾಸವಾಗಿತ್ತು.

ಒಂದು ಸಂಜೆ ದೋಸೆ ಹುಯ್ಯುವ ಯಲ್ಲಪ್ಪ ಸೌಟು ಹಿಡಿದೇ ಬಂದು ನಿಂತ. ಬಾಗಲಕೋಟೆ ಕಡೆಯಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದವನು. "ಸಾವ್ಕಾರ್ರ, ಆಸ್ಟ್ರೇಲಿಯಾದ್ದು ದಿನಾ ಕೇಳ್ತೀನ್ರಿ. ಇಲ್ಲೀದು ಯಾವಾಗ್ರಿ?"

ವಾಸಣ್ಣನ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, "ಅವ ಕೇಳಿದ್ದು ಸರಿ ಉಂಟು," ಎಂದರು.

ಮರುದಿನವೇ ಎಲ್ಲರ ಸಂಬಳ ಏರಿತು. ಅದಕ್ಕೆ ತಕ್ಕಂತೆ ಚಹಾ ತಿಂಡಿಯ ದರವೂ ಏರಿತು. ತಲೆಯಾಡಿಸುತ್ತಿದ್ದವರು ಒಬ್ಬೊಬ್ಬರಾಗಿ ಎದುರಿನ ಹೋಟೆಲಿಗೆ ದಾಟಿದರು. ಸಂಬಳ ಸ್ವಲ್ಪ ಇಳಿಸಿ ನೋಡಿ ಎಂದೆ. "ಕೊಟ್ಟದ್ದನ್ನು ಕಿತ್ತುಕೊಳ್ಳಲಿಕ್ಕೆ ನಾನೆಂತ ಕಾಗೆಯಾ?" ಎಂದರು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಹೋಟೆಲಿಗೆ ಬೀಗ ಬಿತ್ತು. ಯಲ್ಲಪ್ಪ ಮಣಿಪಾಲದಲ್ಲಿ ಕಟ್ಟಡ ಕೆಲಸಕ್ಕೆ ಸೇರಿಕೊಂಡ. ವಾದದಲ್ಲಿ ನಾನು ಗೆದ್ದಿದ್ದೆ. ಅಂಥ ಗೆಲುವು ಶತ್ರುವಿಗೂ ಬೇಡ.

ಆಮೇಲೆ ವಾಸಣ್ಣ ಎರ್ಮಾಳಿನ ಮನೆಯ ಜಗಲಿ ಬಿಟ್ಟು ಏಳಲಿಲ್ಲ. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ: "ಯಲ್ಲಪ್ಪನ ಅನ್ನಕ್ಕೆ ನಾನೇ ಕಲ್ಲು ಹಾಕಿದೆನಾ ಮಾಷ್ಟ್ರೇ?" ಇಲ್ಲ ಎನ್ನಲು ನಾನು ಓದಿದ್ದು ಬಿಡುತ್ತಿರಲಿಲ್ಲ, ಹೌದು ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ಅವರು ತೀರಿಕೊಂಡ ದಿನ ಯಲ್ಲಪ್ಪ ಕೆಲಸ ಬಿಟ್ಟು ಓಡಿ ಬಂದ. ನಿನ್ನ ಕೆಲಸ ಹೋಯಿತೆಂದು ಕೊನೆಯವರೆಗೂ ಕೊರಗಿದರು ಎಂದು ಅವನಿಗೆ ಹೇಳಿದೆ.

"ಯಾಕ್ರಿ ಸರ? ಮೇಸ್ತ್ರಿ ಎಷ್ಟರ ಕೂಲಿ ಹೇಳ್ಲಿ, ನಾ ವಾಸಣ್ಣಾರು ಕೊಟ್ಟ ಪಗಾರಾನ ಹೇಳ್ತೀನ್ರಿ. ಅದಕ್ಕಿಂತ ಕಡಿಮಿಗೆ ಇವತ್ತಿನ ತನಕ ಎಲ್ಲೂ ಕೆಲಸಕ್ಕ ನಿಂತಿಲ್ಲ."

ಈ ಮಾತು ಕೇಳಬೇಕಾಗಿದ್ದವರು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು.