ಒಂದು ಸುತ್ತು ಹೆಚ್ಚು

ಮೈಸೂರಿನ ರಾಜೀವನಗರದ ನಮ್ಮ ಹಿಟ್ಟಿನ ಗಿರಣಿ ಮುಚ್ಚಿದ ಮೇಲೆ ಆ ಕೋಣೆಯಲ್ಲಿ ಮೊಮ್ಮಗಳು ಡ್ರಮ್ಸ್ ತಂದಿಟ್ಟಳು. ಗಿರಣಿ ಸದ್ದಿಗೆ ಪಳಗಿದ್ದ ಅಕ್ಕಪಕ್ಕದವರು ತಕರಾರು ಮಾಡಲಿಲ್ಲ. ಅವಳ ಜೊತೆಗೆ ಗಿಟಾರ್ ನುಡಿಸುವ ಇಬ್ಬರು ಹುಡುಗರು. ಮುಂದೆ ನಿಂತು ಹಾಡುವವನು ಇನ್ನೊಬ್ಬ, ರಾಕ್ ಹಾಡುಗಾರ. ಗಂಟಲು ಚೆನ್ನಾಗಿತ್ತು, ತಾಳ ಇರಲಿಲ್ಲ. ವಾದ್ಯ ಮುಗಿದು ಹಾಡು ಎತ್ತಬೇಕಾದ ಕಡೆ ಕೂದಲು ಕೊಡವುತ್ತಾ ನಿಂತುಬಿಡುತ್ತಿದ್ದ. ಹಿಂದಿದ್ದ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಇನ್ನೊಂದು ಸುತ್ತು ಬಾರಿಸಿ ಅವನಿಗೆ ಕಾಯುತ್ತಿದ್ದರು. ಕೇಳುವವರಿಗೆ ಹಾಡು ಇರುವುದೇ ಹಾಗೆ ಅನ್ನಿಸುತ್ತಿತ್ತು. ಐದು ವರ್ಷ ಹೀಗೇ ನಡೆಯಿತು.

ಆಮೇಲೆ ಅವನು ಸಿನಿಮಾಕ್ಕೆ ಹಾಡುತ್ತೇನೆಂದು ಇವರನ್ನು ಬಿಟ್ಟು ಹೋದ. ಹುಡುಗರಲ್ಲಿ ಒಬ್ಬ ಕಡಕೊಳದ ಕಾರ್ಖಾನೆ ಸೇರಿದ, ಇನ್ನೊಬ್ಬ ವಿಜಯನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ. ಮೊಮ್ಮಗಳಿಗೆ ಡ್ರಮ್ಸ್ ಬಿಟ್ಟರೆ ಬೇರೆ ಕೆಲಸ ಬಾರದು. ಮದುವೆ ಆರ್ಕೆಸ್ಟ್ರಾ ಒಂದಕ್ಕೆ ಸೇರಿದಳು.

ಮೊದಲ ಆರತಕ್ಷತೆಯಲ್ಲೇ ಎಡವಟ್ಟಾಯಿತು. ಹಾಡುವಾಕೆ ಸರಿಯಾದ ಹೊತ್ತಿಗೆ ಹಾಡು ಎತ್ತಿದರೆ, ಇವಳು ಇನ್ನೊಂದು ಸುತ್ತು ಬಾರಿಸಿದಳು. ಹಾಡು ಒಂದು ಕಡೆ, ಡ್ರಮ್ಸ್ ಒಂದು ಕಡೆ.

"ಯಾರಿಗಮ್ಮ ಕಾಯ್ತಿದ್ದೆ? ಗಂಡು ಆಗಲೇ ಬಂದಾಗಿತ್ತಲ್ಲ!" ಎಂದರಂತೆ ಮಾಲೀಕರು. "ಭಾನುವಾರದ ಮದುವೇಲೂ ಹಿಂಗೇ ಮಾಡಿದ್ರೆ ಬೇರೆಯವರನ್ನ ನೋಡ್ಕೋತೀನಿ."

"ಕೈ ತಾನಾಗೇ ಹೊಡೆದ್ಬುಡುತ್ತೆ ಅಜ್ಜಿ," ಎಂದು ನನ್ನ ಮುಂದೆ ಅತ್ತಳು.

"ಅತ್ರೆ ಕೈ ಸರಿಹೋಗುತ್ತೇನೇ? ಹೋಗಿ ಡ್ರಮ್ಸ್ ಮುಂದೆ ಕೂತ್ಕೋ," ಎಂದೆ.

ಸಹಾಯಕ್ಕೆಂದು ಆ ಇಬ್ಬರು ಹುಡುಗರೂ ಬಂದರು. ನನಗೆ ಗೊತ್ತಿರುವುದು ಸೋಬಾನೆ ಪದ, ಅದನ್ನೇ ಹಾಡಿದೆ. ಒಂದು ನುಡಿ ಮುಗಿಸಿ, ವಾದ್ಯಕ್ಕೆ ಬಿಟ್ಟು, ಸರಿಯಾಗಿ ಮತ್ತೆ ಎತ್ತಿದೆ. ಅಷ್ಟರಲ್ಲಿ ಮೂವರೂ ಇನ್ನೊಂದು ಸುತ್ತಿಗೆ ಹೊರಟುಬಿಟ್ಟಿದ್ದರು. ಮತ್ತೆ ಹಾಡಿದೆ, ಮತ್ತೂ ಅದೇ.

"ನೀವಿಬ್ರೂ ಮನೆಗೆ ನಡೀರಪ್ಪ. ನೀವು ಪಕ್ಕದಲ್ಲಿದ್ರೆ ಇವಳು ಈ ಜನ್ಮದಲ್ಲಿ ಕಲಿಯಲ್ಲ," ಎಂದು ಹುಡುಗರನ್ನು ಎಬ್ಬಿಸಿ ಕಳಿಸಿದೆ.

ನಾಲ್ಕು ದಿನ ನಾನೊಬ್ಬಳೇ ಹಾಡಿದೆ. ಅವಳು ತಪ್ಪಿದಾಗಲೆಲ್ಲ ಮೊದಲಿಂದ. ನನ್ನ ಗಂಟಲು ಕಟ್ಟಿತು, ಅವಳ ಬೆರಳಲ್ಲಿ ಬೊಬ್ಬೆ ಎದ್ದಿತು. ಭಾನುವಾರ ತಪ್ಪಲಿಲ್ಲ. ಕೆಲಸ ಉಳಿಯಿತು.

ಹೋದ ತಿಂಗಳು ಆ ಹಾಡುಗಾರ ಫೋನ್ ಮಾಡಿದ್ದ. ಮೈಸೂರಲ್ಲೇ ಕಾರ್ಯಕ್ರಮವಂತೆ, ಹಿಂದೆ ಬಾರಿಸಲು ಹಳೆಯ ಮೂವರೂ ಬೇಕಂತೆ. ಹುಡುಗರು ಕುಣಿದುಕೊಂಡು ಒಪ್ಪಿದರು. ಇವಳು ಮಾತ್ರ, "ಬೇಡ ಕಣಣ್ಣ, ಮತ್ತೆ ಕೈ ಕೆಟ್ಟೋಗುತ್ತೆ," ಎಂದು ಫೋನಿಟ್ಟಳು.