ಎಡಗೆನ್ನೆಯ ಕೆಂಪು

ನನ್ನ ನಾದಿನಿಯ ಮುಖದ ಎಡಭಾಗ ಒಂದು ಬೆಳಿಗ್ಗೆ ಅಲುಗುವುದನ್ನು ನಿಲ್ಲಿಸಿತು. ಹೊಳಲ್ಕೆರೆಯ ನಮ್ಮ ಮನೆಯ ಹಿತ್ತಲಲ್ಲಿ ಅವಳು ಬಾಯಿ ಮುಕ್ಕಳಿಸುತ್ತಿದ್ದಳು. ನೀರು ಎಡತುಟಿಯ ಅಂಚಿನಿಂದ ತಾನಾಗಿ ಸುರಿದು ಕುತ್ತಿಗೆಗೆ ಇಳಿಯಿತು. ಅವಳಿಗೆ ಅದು ತಮಾಷೆಯೆನಿಸಿ ನನ್ನ ಕಡೆ ತಿರುಗಿ ನಕ್ಕಳು. ಆ ನಗು ಮೂಗಿನ ತನಕ ಬಂದು ಅಲ್ಲಿಗೇ ನಿಂತಿತು. ನನ್ನ ಕೈಯಲ್ಲಿ ತುಂಬಿದ ಬಕೆಟ್ ಇತ್ತು. ಅದನ್ನು ಕೆಳಗಿಟ್ಟದ್ದು ನನಗೆ ನೆನಪಿಲ್ಲ.

ಚಿತ್ರದುರ್ಗದ ಡಾಕ್ಟರು ಅವಳಿಗೆ ಹುಬ್ಬು ಎತ್ತಲು ಹೇಳಿದರು, ಕಣ್ಣು ಮುಚ್ಚಲು ಹೇಳಿದರು, ಕೆನ್ನೆಯಲ್ಲಿ ಗಾಳಿ ತುಂಬಿಕೊಳ್ಳಲು ಹೇಳಿದರು. ಎಡಗಡೆ ಯಾವುದೂ ಆಗಲಿಲ್ಲ. ಮುಖದ ನರ ಊದಿಕೊಂಡಿದೆ, ಹೆಚ್ಚಿನವರಿಗೆ ಇದು ವಾಪಸ್ಸು ಬರುತ್ತದೆ, ಆದರೆ ಯಾವಾಗ, ಎಷ್ಟರ ಮಟ್ಟಿಗೆ ಎಂದು ಈಗಲೇ ಹೇಳಲಾಗದು ಎಂದರು. ಮಾತ್ರೆ ಕೊಟ್ಟರು. ಮುಚ್ಚದ ಕಣ್ಣಿಗೆ ಹನಿ ಹಾಕಲು ಹೇಳಿದರು.

ಅವಳಿಗೆ ನಿಶ್ಚಿತಾರ್ಥವಾಗಿತ್ತು. ಹುಡುಗ ಹಿರಿಯೂರಿನವನು, ಅಲ್ಲಿಯ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ. ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದ. ಆ ದಿನದಿಂದ ಇವಳು ಕ್ಯಾಮೆರಾ ಕೆಟ್ಟಿದೆ ಎಂದು ಸುಳ್ಳು ಹೇಳಿ ಬರೀ ಮಾತನಾಡತೊಡಗಿದಳು. ಅವನಿಗಾಗಲಿ ಅವನ ಮನೆಯವರಿಗಾಗಲಿ ವಿಷಯ ಹೇಳಲಿಲ್ಲ.

"ಜವಳಿ ತೆಗಿಯೋ ಹೊತ್ತಿಗೆ ಸರಿ ಹೋಗ್ತೈತೆ," ಎಂದರು ನನ್ನ ಅತ್ತೆ, ಅವಳ ತಾಯಿ. "ಈಗ್ಲೇ ಹೇಳಿ ಯಾಕೆ ಇಲ್ಲದ್ ರಗಳೆ?"

ಜವಳಿ ತೆಗೆಯುವುದೆಂದರೆ ಎರಡೂ ಮನೆಯವರು ಸೇರಿ ಚಿತ್ರದುರ್ಗಕ್ಕೆ ಹೋಗಿ ಮದುವೆಯ ಬಟ್ಟೆ ಆರಿಸುವುದು. ಮದುಮಗಳನ್ನು ನಡುವೆ ಕೂರಿಸಿ, ಒಂದೊಂದೇ ಸೀರೆಯನ್ನು ಅವಳ ಹೆಗಲಿಗೆ ಹಾಕಿ, ಎಲ್ಲರೂ ಸೀರೆ ನೋಡುವ ನೆಪದಲ್ಲಿ ಅವಳ ಮುಖ ನೋಡುತ್ತಾರೆ. ಆ ದಿನ ಹತ್ತಿರವಾಗುತ್ತಿತ್ತು, ಎಡಗೆನ್ನೆ ಹಾಗೇ ಇತ್ತು. ಒಂದು ಮಧ್ಯಾಹ್ನ ಅವಳು ನನ್ನ ಪಕ್ಕ ಬಂದು ಕೂತಳು.

"ಅತ್ತಿಗೆ, ನೀವು ನನ್ ಮುಖ ಸರಿ ಮಾಡ್ರಿ."

"ಡಾಕ್ಟ್ರು ಮಾಡ್ತಿದಾರಲ್ಲೇ."

"ಅವರು ಒಳಗಿಂದ ಮಾಡ್ಲಿ. ನೀವು ಮ್ಯಾಲಿಂದ ಮಾಡ್ರಿ."

ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಒಬ್ಬ ಹೆಣ್ಣುಮಗಳು ತನ್ನ ದುಂಡು ಮುಖಕ್ಕೆ ಕಂದು ಪುಡಿ ಹಚ್ಚಿ ಕೆನ್ನೆಯ ಮೂಳೆಯನ್ನು ಹೊರಗೆ ತಂದಳು, ಡೊಂಕು ಮೂಗನ್ನು ನೆಟ್ಟಗೆ ಮಾಡಿದಳು. ಇದಕ್ಕೆ ಕಾಂಟೂರ್ ಎನ್ನುತ್ತಾರಂತೆ. ಬೇಕಾದ ಕಡೆ ನೆರಳು ಬರೆಯುವುದು. ಮೇಲೆ ಕೆಂಪು ಹಚ್ಚುವುದು ಬ್ಲಶ್. ನನಗೆ ಗೊತ್ತಿದ್ದ ಅಲಂಕಾರವೆಂದರೆ ಟಾಲ್ಕಂ ಪೌಡರ್ ಮತ್ತು ಸ್ಟಿಕ್ಕರ್ ಬೊಟ್ಟು. ಪಾರ್ಲರಿನವರನ್ನೇ ಕರೆಸೋಣ ಎಂದೆ. ಹೊರಗಿನವರಿಗೆ ಮುಖ ತೋರಿಸುವುದಿಲ್ಲ ಎಂದಳು. ಹಾಗೆ ಹೇಳುವಾಗ ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಅಳುವೋ, ಮುಚ್ಚದ ಕಣ್ಣಿನ ನೀರೋ ನನಗೆ ತಿಳಿಯಲಿಲ್ಲ.

ನಾನೊಬ್ಬಳೇ ಪಾರ್ಲರಿಗೆ ಹೋದೆ. ನನಗೋಸ್ಕರವೇ ಕಲಿಯಬೇಕು ಎಂದೆ. ಅಲ್ಲಿಯವಳು ಹಣೆಗೆ ಕಟ್ಟಿದ್ದ ರಿಬ್ಬನ್ ಸರಿಮಾಡಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರಿ ಅಕ್ಕ, ಮದುವ್ಯಾಗಿ ಇಷ್ಟ್ ವರ್ಷಕ್ಕೆ ನೆನಪಾತಾ ಗಲ್ಲ? ಬರ್ರಿ, ಕುಂತ್ಕಳ್ರಿ."

ನನ್ನ ಬೆರಳನ್ನೇ ಹಿಡಿದು ನನ್ನ ಕಿವಿಯ ಮುಂದೆ ಇಟ್ಟಳು. ಅಲ್ಲೊಂದು ಮೂಳೆ. ಅದರ ಕೆಳಗೆ ಒತ್ತಿದರೆ ಒಂದು ಹಳ್ಳ. ಕಂದು ಆ ಹಳ್ಳಕ್ಕೆ, ಕಿವಿಯ ಕಡೆಯಿಂದ ಶುರುಮಾಡಿ ಕೆನ್ನೆಯ ನಡುವೆಯೇ ನಿಲ್ಲಿಸಬೇಕು. ತುಟಿಯವರೆಗೆ ಎಳೆದರೆ ಮುಖ ಜೋತುಬೀಳುತ್ತದೆ. ಆಮೇಲೆ ಬ್ರಷ್ಷನ್ನು ಮೇಲ್ಮುಖವಾಗಿ ಆಡಿಸಿ ಗೆರೆಯ ಅಂಚು ಕಾಣದಂತೆ ಮಾಡಬೇಕು.

"ಕೆಂಪು ಎಲ್ಲಿಗೆ ಹಚ್ಬೇಕು?"

"ಅದು ಬಾಳ ಸುಲಭ. ನಗ್ರಿ. ಉಬ್ತೈತಲ್ಲ, ಅದೇ ಜಾಗ."

ನಾನು ನಕ್ಕೆ. ಕನ್ನಡಿಯಲ್ಲಿ ನನ್ನ ಎರಡೂ ಕೆನ್ನೆ ಸುಲಭವಾಗಿ ಮೇಲೆದ್ದವು. ಇಷ್ಟು ವರ್ಷ ಅವು ಹಾಗೆ ಏಳುತ್ತವೆಂದು ನಾನು ಗಮನಿಸಿರಲಿಲ್ಲ.

ಮೊದಲು ನನ್ನ ಮುಖದ ಮೇಲೆಯೇ ಅಭ್ಯಾಸ. ಕಂದನ್ನು ಹೆಚ್ಚು ತೆಗೆದುಕೊಂಡೆ, ಕೆಳಗೆ ಎಳೆದೆ, ಅಂಚನ್ನು ಸರಿಯಾಗಿ ಒರೆಸಲಿಲ್ಲ. ಕೋಣೆಯಿಂದ ಹೊರಗೆ ಬಂದದ್ದೇ ಅತ್ತೆ ಬಿಡಿಸುತ್ತಿದ್ದ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟರು.

"ಅಯ್ಯೋ ಯವ್ವಾ, ಏನೇ ಇದು? ಎರಡೂ ಕಡೆ ಬಂಗು ಎದ್ದೈತಲ್ಲೇ!"

ನಮ್ಮ ಕಡೆ ಬಂಗು ಎಂದರೆ ಕೆನ್ನೆಯ ಮೇಲೆ ಏಳುವ ಕಪ್ಪು ಮಚ್ಚೆ. ಬಸುರಿಯರಿಗೆ, ಬಿಸಿಲಲ್ಲಿ ಕೆಲಸ ಮಾಡುವವರಿಗೆ ಬರುತ್ತದೆ. ಅದನ್ನು ಕಳೆದುಕೊಳ್ಳಲು ಹೆಂಗಸರು ಏನೇನೋ ಹಚ್ಚುತ್ತಾರೆ. ಅದನ್ನೇ ನಾನು ಶ್ರಮಪಟ್ಟು ಬರೆದುಕೊಂಡಿದ್ದೆ. "ಬಸುರೇನೇ?" ಎಂದು ಅತ್ತೆ ದನಿ ತಗ್ಗಿಸಿ ಕೇಳಿದರು. ನಾದಿನಿ ಬಾಗಿಲ ಹಿಂದೆ ನಿಂತು, ಎಡಗೆನ್ನೆಯನ್ನು ಬೆರಳಿನಿಂದ ಮೇಲಕ್ಕೆತ್ತಿ ಹಿಡಿದುಕೊಂಡು ನಗುತ್ತಿದ್ದಳು. ಕಾಯಿಲೆ ಬಂದ ಮೇಲೆ ಅವಳು ಸದ್ದು ಮಾಡಿ ನಕ್ಕದ್ದು ಅದೇ ಮೊದಲು.

ಕೆಂಪೂ ಕೈಕೊಟ್ಟಿತು. ವಿಡಿಯೋದಲ್ಲಿ ಬಿಳಿ ಹುಡುಗಿಯರಿಗೆ ಹೂವಿನ ಹಾಗೆ ಕೂರುವ ತಿಳಿಗುಲಾಬಿ ನಮ್ಮ ಮೈಬಣ್ಣದ ಮೇಲೆ ಬೂದಿ ಬಳಿದಂತೆ ಕಂಡಿತು. ಇಟ್ಟಿಗೆ ಬಣ್ಣದ್ದು ತಂದೆ. ಡಬ್ಬಿಯಲ್ಲಿ ಅದು ಭಯ ಹುಟ್ಟಿಸುವಷ್ಟು ಗಾಢವಾಗಿತ್ತು. ಬ್ರಷ್ಷಿನ ತುದಿಗೆ ಮುಟ್ಟಿಸಿ, ಕೊಡವಿ, ಉಳಿದದ್ದನ್ನು ಹಚ್ಚಿದರೆ ಕೆನ್ನೆಯ ಒಳಗಿನಿಂದಲೇ ರಕ್ತ ಬಂದ ಹಾಗಿತ್ತು.

ನೆರಳು ಅರ್ಥವಾದದ್ದು ಮಾತ್ರ ಬಸ್ಸಿನಲ್ಲಿ. ಔಷಧಿಗೆಂದು ಬೆಳಿಗ್ಗೆ ಚಿತ್ರದುರ್ಗಕ್ಕೆ ಹೋಗುವಾಗ ಕಿಟಕಿಯಾಚೆ ಬಂಡೆಗುಡ್ಡ ಬಂತು. ಬಿಸಿಲು ಓರೆಯಾಗಿತ್ತು. ಒಂದೊಂದು ಬಂಡೆಗೂ ಕೆನ್ನೆ, ಗಲ್ಲ, ಕಣ್ಣುಗುಳಿ ಎಲ್ಲ ಇತ್ತು. ಮಧ್ಯಾಹ್ನ ಹಿಂದಿರುಗುವಾಗ ಅದೇ ಗುಡ್ಡ ಚಪ್ಪಟೆಯಾಗಿ ಬಿದ್ದಿತ್ತು. ಕಲ್ಲು ಬದಲಾಗಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಬಂಡೆಗಳು. ಅವುಗಳ ಆಕಾರವೆಂದು ನಾನು ತಿಳಿದಿದ್ದರಲ್ಲಿ ಅರ್ಧ ಬರೀ ನೆರಳಾಗಿತ್ತು. ಸೀಟಿನ ಕಂಬಿ ಹಿಡಿದುಕೊಂಡು ಕುತ್ತಿಗೆ ತಿರುಗಿಸಿ ಅದು ಮರೆಯಾಗುವ ತನಕ ನೋಡಿದೆ.

ಆಮೇಲೆ ಅವಳ ಮುಖ. ಪೂರ್ವದ ಕಿಟಕಿಯ ಬಳಿ ಸ್ಟೂಲ್ ಹಾಕಿ ಕೂರಿಸಿದೆ. ಕಣ್ಣಿನ ಹತ್ತಿರ ಪುಡಿ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಎಡಗಣ್ಣಿನ ಮೇಲೆ ಒದ್ದೆ ಬಟ್ಟೆಯ ಮಡಿಕೆ ಇಟ್ಟೆ. ಬ್ರಷ್ ಎತ್ತಿದೆ, ಎಲ್ಲಿಗೆ ಮುಟ್ಟಿಸಬೇಕೋ ಗೊತ್ತಾಗಲಿಲ್ಲ. ಸುಮ್ಮನೆ ನೋಡಿದೆ. ಅಷ್ಟು ಹೊತ್ತು ನೋಡಿದ ಮೇಲೆ ಒಂದು ಸಂಗತಿ ಕಂಡಿತು. ಕಾಯಿಲೆಯ ಕಡೆ ನಯವಾಗಿತ್ತು, ಮಗುವಿನ ಕೆನ್ನೆಯ ಹಾಗೆ. ಮೂಗಿನಿಂದ ತುಟಿಗಿಳಿಯುವ ಗೆರೆ ಅಲ್ಲಿ ಅಳಿಸಿಹೋಗಿತ್ತು. ಸೊಟ್ಟಗೆ ಕಾಣುತ್ತಿದ್ದುದು ಬಲಗಡೆ, ಆರೋಗ್ಯವಾಗಿದ್ದ ಕಡೆ. ಎದುರು ಹಿಡಿಯುವವರಿಲ್ಲದೆ ಅದು ಬಾಯನ್ನು ತನ್ನತ್ತ ಎಳೆದುಕೊಂಡಿತ್ತು. ಮುಖವೆಂದರೆ ಎರಡು ಕಡೆಯಿಂದ ಸಮನಾಗಿ ಎಳೆದು ಹಿಡಿದ ವಸ್ತು ಎಂದು ನನಗೆ ಅಂದು ತಿಳಿಯಿತು. ಆ ಎಳೆತ ನನ್ನ ಮುಖದಲ್ಲೂ, ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರ ಮುಖದಲ್ಲೂ ನಡೆದೇ ಇತ್ತು, ಯಾರಿಗೂ ಗೊತ್ತಿಲ್ಲದೆ.

ಎಡಗಡೆ ಅಳಿಸಿಹೋದ ಗೆರೆಯನ್ನು ಕಂದಿನಿಂದ ತೀರಾ ತೆಳುವಾಗಿ ಬರೆದೆ. ಬಲಗಡೆಯ ಆಳವಾದ ಗೆರೆಗೆ ತಿಳಿಬಣ್ಣ ತುಂಬಿದೆ. ಕೆಂಪು ಹಚ್ಚುವ ಹೊತ್ತಿಗೆ, ಪಾರ್ಲರಿನವಳಿಂದ ಕಲಿತದ್ದು ಬಾಯಿಂದ ತಾನೇ ಬಂತು.

"ನಗು."

ಬಲಗೆನ್ನೆ ಉಬ್ಬಿತು. ಎಡಗೆನ್ನೆ ಗೋಡೆಯ ಹಾಗಿತ್ತು. ಅವಳು ನನ್ನ ಕೈ ತಳ್ಳಿದಳು.

"ಅದೊಂದ್ ಮಾತ್ ಹೇಳ್ಬ್ಯಾಡ್ರಿ ಅತ್ತಿಗೆ. ನಿಮ್ ಕಾಲಿಗ್ ಬೀಳ್ತೀನಿ."

ಹಾಗಾಗಿ ಎಡಗಡೆಯ ಜಾಗವನ್ನು ಊಹಿಸಬೇಕಾಯಿತು. ಬಲಗಡೆ ಮೂಗಿನಿಂದ ಎಷ್ಟು ಬೆರಳು ದೂರ, ಕಿವಿಯ ತುದಿಯಿಂದ ಎಷ್ಟು ಕೆಳಗೆ ಎಂದು ಅಳೆದು ಎಡಗಡೆಯೂ ಅಲ್ಲಿಗೇ ಹಚ್ಚಿದೆ. ಅವಳು ಬಾಯಿ ಮುಚ್ಚಿ ನೆಟ್ಟಗೆ ಕೂತರೆ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಥರ ಕಂಡವು. ಮಾತನಾಡಿದರೆ ನನ್ನ ಕೆಲಸವೆಲ್ಲ ಒಡೆದುಹೋಗುತ್ತಿತ್ತು.

ದಿನಾ ಬೆಳಿಗ್ಗೆ ಅದೇ ಕಿಟಕಿ, ಅದೇ ಸ್ಟೂಲ್. ಆ ಕೆನ್ನೆಯ ಮೇಲಿನ ಸಣ್ಣ ಮಚ್ಚೆ, ನವಿರು ಕೂದಲು, ಚರ್ಮ ಎಲ್ಲಿ ಎಣ್ಣೆಯೆಣ್ಣೆಯಾಗುತ್ತದೆ, ಎಲ್ಲ ನನಗೆ ಬಾಯಿಪಾಠವಾಯಿತು. ಗಂಡನ ಮುಖವನ್ನೂ ನಾನು ಅಷ್ಟು ನೋಡಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಎಡಗೆನ್ನೆಯ ಮೇಲೆ ಬ್ರಷ್ ಇಟ್ಟಿದ್ದೆ. ಹೊರಗೆ ಅತ್ತೆ ತರಕಾರಿಯವನ ಜೊತೆ ಜಗಳವಾಡುತ್ತಿದ್ದರು. "ನಿನ್ ತಕ್ಕಡಿ ಏನಪ್ಪ, ನಮ್ ಸೊಸಿ ಮುಖದ ಬಣ್ಣದಂಗೆ ದಿನಕ್ಕೊಂದ್ ಥರ ಐತೆ?" ಎಂದರು. ನಾದಿನಿಗೆ ನಗು ಬಂತು. ಬ್ರಷ್ಷಿನ ಕೂದಲು ನಡುಗಿತು.

ನನ್ನ ಕೈಯೇ ನಡುಗಿತೆಂದುಕೊಂಡೆ. ಮೊಣಕೈಯನ್ನು ಕಿಟಕಿಯ ಕಟ್ಟೆಗೆ ಊರಿದೆ. ನನ್ನ ಎಡ ಅಂಗೈಯನ್ನು ಅವಳ ಬಲಗೆನ್ನೆಯ ಮೇಲೆ ಒತ್ತಿ ಹಿಡಿದೆ, ಆ ಕಡೆಯ ಎಳೆತ ಈ ಕಡೆಗೆ ಬರದಿರಲೆಂದು. ಆಮೇಲೆ, ಹೇಳಬಾರದೆಂದು ಅವಳು ಬೇಡಿಕೊಂಡಿದ್ದ ಮಾತನ್ನೇ ಹೇಳಿದೆ.

"ನಗು. ಒಂದೇ ಸಲ."

ಅವಳು ನನ್ನ ಮುಖ ನೋಡಿ ಏನೋ ಗ್ರಹಿಸಿದಳು, ತಳ್ಳಲಿಲ್ಲ. ಕೆನ್ನೆ ಮೇಲೆ ಏಳಲಿಲ್ಲ. ಆದರೆ ಚರ್ಮದ ಕೆಳಗೆ, ಮಚ್ಚೆಯ ಪಕ್ಕದಲ್ಲಿ, ನಿಂತ ನೀರಿನ ಅಡಿಯಲ್ಲಿ ಮೀನು ತಿರುಗಿದ ಹಾಗೆ ಏನೋ ಒಮ್ಮೆ ಹೊರಳಿತು. ಕಣ್ಣಿಗಿಂತ ಮೊದಲು ಬ್ರಷ್ ಅದನ್ನು ಹೇಳಿತು.

ಅತ್ತೆಯನ್ನು ಕರೆದೆವು. ಅವರು ಕನ್ನಡಕ ಹಾಕಿಕೊಂಡು ಬಂದು ಬಹಳ ಹೊತ್ತು ನೋಡಿದರು. "ನಂಗೇನೂ ಕಾಣ್ತಿಲ್ಲಮ್ಮ," ಎಂದು, ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನಾದಿನಿಗೂ ಕನ್ನಡಿಯಲ್ಲಿ ಕಾಣಲಿಲ್ಲ.

ಜವಳಿಯ ದಿನ ಬಂತು. ಆ ಹೊತ್ತಿಗೆ ಎಡಗಣ್ಣು ಸುಮಾರಾಗಿ ಮುಚ್ಚುತ್ತಿತ್ತು. ತುಟಿ ಮಾತ್ರ ಇನ್ನೂ ಬಲಕ್ಕೆ ಹೋಗುತ್ತಿತ್ತು. ನನಗೆ ಗೊತ್ತಿದ್ದಷ್ಟೂ ನೆರಳು, ಗೊತ್ತಿದ್ದಷ್ಟೂ ಕೆಂಪು ಹಚ್ಚಿದೆ. "ಬಾಯ್ ಬಿಡಲ್ಲ ನಾನು, ನೀವೇ ಮಾತಾಡ್ರಿ," ಎಂದಳು.

ಅಂಗಡಿಯ ಮಹಡಿಯಲ್ಲಿ ಬಿಳಿ ಹಾಸಿಗೆ, ಚಾವಣಿ ತುಂಬ ಟ್ಯೂಬ್‌ಲೈಟು. ಬೆಳಕು ಎಲ್ಲ ಕಡೆಯಿಂದ ಬರುತ್ತಿತ್ತು. ನನ್ನ ನೆರಳಿಗೆ ಅಲ್ಲಿ ಅರ್ಥವೇ ಇರಲಿಲ್ಲ. ಹುಡುಗ ಅವಳ ಎದುರು, ಅವನ ಸೋದರತ್ತೆ ಅವಳ ಪಕ್ಕ ಕೂತರು. ಸೀರೆಗಳು ಬಿಚ್ಚಿಕೊಳ್ಳತೊಡಗಿದವು.

"ಏನೇ ಹುಡುಗಿ, ಫೋನಲ್ಲಿ ಗಂಟೆಗಟ್ಲೆ ಮಾತಂತೆ, ಇಲ್ಲಿ ಬಾಯಿಗೆ ಹೊಲಿಗೆ ಹಾಕ್ಕಂಡ್ ಬಂದೀಯಾ?" ಎಂದರು ಸೋದರತ್ತೆ.

ಅವಳು ತಲೆ ತಗ್ಗಿಸಿದಳು. ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಹುಡುಗ ಒಂದು ಸೀರೆ ಎತ್ತಿಕೊಡುವ ಹಾಗೆ ಮುಂದೆ ಬಾಗಿ ಮೆಲ್ಲಗೆ, "ಬಬ್ಬೂರು ಅನ್ನು ನೋಡಾಣ," ಎಂದ. ಬಬ್ಬೂರು ಹಿರಿಯೂರಿನ ಪಕ್ಕದ ಊರು. ನಾದಿನಿ ಬಿಳುಚಿಕೊಂಡಳು. ಕೆಂಪಿನ ಕೆಳಗೂ ಅದು ನನಗೆ ಕಂಡಿತು.

"ಯಾಕೆ?" ಎಂದಳು ತುಟಿ ಅಲುಗಿಸದೆ.

"ಮದ್ಲು ನಿಂಗೆ ಪ, ಬ ಬರ್ತಿರ್ಲಿಲ್ಲ. ಒಂದ್ ಕಡೆಯಿಂದ ಗಾಳಿ ಹೋಗ್ತಿತ್ತು. ಕ್ಯಾಮೆರಾ ಕೆಟ್ ದಿನದಿಂದ. ಹೇಳ್ಲಿ ಅಂತ ಕಾದೆ." ಅವನ ಕೈ ಸೀರೆಯ ಅಂಚನ್ನು ಮಡಿಸುತ್ತಿತ್ತು, ಬಿಚ್ಚುತ್ತಿತ್ತು. "ಈಗೀಗ ಬರ್ತೈತೆ. ಮೊದಲ್ನೇ ಸಲ ಸರಿಯಾಗ್ ಬಂದಾಗ ನಾನು ಬಸ್‌ಸ್ಟ್ಯಾಂಡಲ್ಲಿದ್ದೆ. ಕೇಳ್ತಾ ನಿಂತು ಬಂದ್ ಬಸ್ಸೂ ಬಿಟ್ಟೆ."

ನಾನು ಪಕ್ಕದಲ್ಲಿದ್ದೆ, ಎಲ್ಲ ಕೇಳಿಸಿತು. ನಾನು ಕಿಟಕಿಯ ಬಳಿ ಬ್ರಷ್ ಹಿಡಿದು ಕಾದದ್ದನ್ನೇ ಇವನು ಹಿರಿಯೂರಿನಲ್ಲಿ ಕಿವಿಯಿಟ್ಟು ಕಾದಿದ್ದ. ಒಂದೇ ನರ ಒಂದೊಂದೇ ಎಳೆಯಾಗಿ ಹಿಂದಿರುಗುವುದಕ್ಕೆ ನಾವಿಬ್ಬರು, ಒಬ್ಬರಿಗೊಬ್ಬರು ತಿಳಿಯದೆ, ಸಾಕ್ಷಿಯಾಗಿದ್ದೆವು.

ನಾದಿನಿ ತಲೆಯೆತ್ತಿ ಸೋದರತ್ತೆಯ ಕಡೆ ತಿರುಗಿದಳು. ಬಾಯಿ ಸೊಟ್ಟಗಾಗುವುದನ್ನು ತಡೆಯದೆ ಹೇಳಿದಳು. "ಅತ್ತೆ, ನಂಗೆ ಮುಖದ್ ನರ ಬಿದ್ದೋಗಿತ್ತು. ಎಡಗಡೆ. ಈಗ ಬರ್ತಾ ಐತೆ. ಪೂರ್ತಿ ಬರ್ತೈತೋ ಇಲ್ವೋ ಗೊತ್ತಿಲ್ಲ."

ನಮ್ಮ ಅತ್ತೆ ಕಣ್ಣು ಮುಚ್ಚಿಕೊಂಡರು. ಸೀರೆ ತೋರಿಸುವವನ ಕೈ ನಿಂತಿತು. ಸೋದರತ್ತೆ ಅವಳ ಗಲ್ಲ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿ ನೋಡಿದರು. ಅವರ ಹೆಬ್ಬೆರಳಿಗೆ ನನ್ನ ಕಂದು ಮೆತ್ತಿತು. ಅದನ್ನು ನೋಡಿ ನನ್ನನ್ನು ನೋಡಿದರು.

"ಯಾರಮ್ಮ ಇದನ್ ಬಳಿದಿದ್ದು, ನೀನಾ? ಪಾಪ, ಬಾಳ ಕಷ್ಟಪಟ್ಟೀಯ. ಗುದ್ದಿಸ್ಕಂಡಂಗ್ ಕಾಣ್ತೈತೆ ಹುಡುಗಿ." ಎಂದು, ಸೀರೆಯವನಿಗೆ, "ಏನ್ ಬಾಯ್ಬಿಟ್ಕಂಡ್ ನಿಂತೀಯಪ್ಪ, ಆ ಅರಿಶಿಣದ ಬಣ್ಣದ್ದು ತೆಗಿ," ಎಂದರು.

ನಾದಿನಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಮೊದಲು ಬಲಗೆನ್ನೆ ಎದ್ದಿತು. ಒಂದು ಕ್ಷಣ ತಡವಾಗಿ, ನಿದ್ದೆಯಿಂದ ಎದ್ದವರ ಹಾಗೆ, ಎಡಗೆನ್ನೆಯೂ ಕೊಂಚ ಮೇಲೆದ್ದಿತು. ನಮ್ಮ ಅತ್ತೆ ಈ ಸಲ ಕನ್ನಡಕವಿಲ್ಲದೆಯೇ ನೋಡಿದರು. ನಾನು ಅಳೆದು, ಊಹಿಸಿ ಹಚ್ಚಿದ ಕೆಂಪು, ಉಬ್ಬಿದ ಜಾಗಕ್ಕಿಂತ ಒಂದು ಬೆರಳು ಕೆಳಗಿತ್ತು.