ಉಸಿರಿನ ಹಿಂದೆ ಹೋದ ಟ್ರಂಪೆಟ್

ಸಾತನೂರಿನ ಗಿರಿಜಾಂಬ ಟ್ರಂಪೆಟ್ ಹಿಡಿದದ್ದು ಹೈಸ್ಕೂಲಿನಲ್ಲಿ. ಶಾಲೆಯ ಬ್ಯಾಂಡಿನಲ್ಲಿ ಅದನ್ನು ಊದುತ್ತಿದ್ದ ಹುಡುಗನಿಗೆ ಮಂಗನಬಾವು ಬಂದು ಕೆನ್ನೆಯೇ ಊದಿಕೊಂಡಿತ್ತು. ಸ್ವಾತಂತ್ರ್ಯ ದಿನಕ್ಕೆ ಎರಡೇ ವಾರ. ಮೇಷ್ಟ್ರು ಸಾಲಿನಲ್ಲಿ ಎಲ್ಲರ ಕೈಗೂ ಕೊಟ್ಟು ನೋಡಿದರು. ಸ್ವರ ಹೊರಟಿದ್ದು ಇವಳೊಬ್ಬಳಿಂದ.

ಮದುವೆಯಾಗಿ, ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಹಿಡಿದ ಮೇಲೂ ಅವಳು ಊದುವುದನ್ನು ಬಿಡಲಿಲ್ಲ. ಕಂಪನಿ ಬಸ್ಸಿನಲ್ಲಿ ಒಂದು ದಿನ ಫೋನಿನಲ್ಲಿ ಜಾಝ್ ಕೇಳಿದಳು. ಗೊತ್ತಿರುವ ರಾಗದಿಂದ ಹೊರಟು, ಆ ಗಳಿಗೆಯಲ್ಲಿ ಹೊಳೆದದ್ದನ್ನು ನುಡಿಸುತ್ತಾ ಎಲ್ಲೆಲ್ಲೋ ಸುತ್ತಿ ಮರಳುವುದು ಅವಳಿಗೆ ಹುಚ್ಚು ಹಿಡಿಸಿತು. ಹಿಪ್ಪುನೇರಳೆ ತೋಟದಲ್ಲಿ ನಿಂತು ಆರು ವರ್ಷ ಕೇಳಿ ಕೇಳಿ ಕಲಿತಳು. ಆಮೇಲೆ ಭಾನುವಾರಗಳಲ್ಲಿ ಬೆಂಗಳೂರಿನ ಹೋಟೆಲೊಂದರಲ್ಲಿ ಜಾಝ್ ನುಡಿಸುವವರ ಜೊತೆ ಸೇರಿಕೊಂಡಳು.

ನಲವತ್ತೊಂದಕ್ಕೆ ಅವಳಿಗೆ ತನ್ನದೇ ಆಲ್ಬಂ ಮಾಡಬೇಕೆನಿಸಿತು. ಬೆಂಗಳೂರಿನ ಗೆಳೆಯರನ್ನು ಬಿಟ್ಟು, ಊರಿನಲ್ಲಿ ಸೋಬಾನೆ ಹಾಡುವ ಎಪ್ಪತ್ತರ ಶಿವಲಿಂಗಮ್ಮ, ಮಾಗಡಿ ಕಡೆಯ ತಮಟೆಯ ದೊಡ್ಡಹನುಮಯ್ಯ, ಚನ್ನಪಟ್ಟಣದಲ್ಲಿ ಕವ್ವಾಲಿ ಹಾಡುವ ಆಫ್ತಾಬ್, ಈ ಮೂವರನ್ನು ಕರೆದಳು.

ರಾಮನಗರದಲ್ಲಿ ಅಶೋಕ್ ಎಂಬುವರದು ಪುಟ್ಟ ಸ್ಟುಡಿಯೋ. ಹೆಚ್ಚಾಗಿ ದೇವರ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದರು. ಮೊದಲ ದಿನ ಎಲ್ಲರ ಕಿವಿಗೂ ಹೆಡ್‌ಫೋನ್ ಹಾಕಿ, ಅದರೊಳಗೆ ಟಿಕ್ ಟಿಕ್ ಎಂದು ತಾಳದ ಲೆಕ್ಕ ಬಿಟ್ಟರು. ಶಿವಲಿಂಗಮ್ಮನ ಸಾಲು ಒಮ್ಮೆ ಉದ್ದ, ಒಮ್ಮೆ ಗಿಡ್ಡ. ತಮಟೆ ತಪ್ಪಿತು, ಕವ್ವಾಲಿ ಕಾದು ನಿಂತಿತು. ಮಧ್ಯಾಹ್ನವಾದರೂ ಒಂದು ಹಾಡೂ ಆಗಲಿಲ್ಲ. ಒಬ್ಬೊಬ್ಬರದ್ದೇ ಬೇರೆಬೇರೆ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ಜೋಡಿಸೋಣ ಎಂದರು ಅಶೋಕ್. ತಪ್ಪೆಲ್ಲ ತನ್ನದೇ ಎಂದುಕೊಂಡ ಶಿವಲಿಂಗಮ್ಮ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟರು.

ಗಿರಿಜಾಂಬ ಮೆಟ್ಟಿಲಲ್ಲಿ ಅವರ ಕೈ ಹಿಡಿದಳು.

"ಅವ್ವಾ, ನೀವು ಮಿಷನ್ ಲೆಕ್ಕಕ್ಕೆ ಹಾಡ್ಬ್ಯಾಡಿ. ನಿಮ್ಮ ಉಸ್ರು ಎಲ್ಲಿಗೋಯ್ತದೋ ನಾವೇ ಅಲ್ಲಿಗೆ ಬತ್ತೀವಿ."

ಒಳಗೆ ಕರೆತಂದು ಹೆಡ್‌ಫೋನುಗಳನ್ನೆಲ್ಲ ತೆಗೆಸಿದಳು. ನಾಲ್ವರೂ ಒಂದೇ ಕೋಣೆಯಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಚಾಪೆ ಮೇಲೆ ಕೂತರು. ಶಿವಲಿಂಗಮ್ಮ ಕಣ್ಣು ಮುಚ್ಚಿ ಹಸೆಮಣೆಯ ಹಾಡು ಎತ್ತಿಕೊಂಡರು. ದೊಡ್ಡಹನುಮಯ್ಯ ಆಕೆಯ ತುಟಿಯನ್ನೇ ನೋಡುತ್ತಾ ಬೆರಳಿನಲ್ಲಿ ಮೆಲ್ಲಗೆ ತಮಟೆ ತಟ್ಟಿದರು. ಶಿವಲಿಂಗಮ್ಮ ಬಿಟ್ಟ ಕೊನೆಯ ಸ್ವರದಿಂದ ಆಫ್ತಾಬ್ ಆಲಾಪ ಹಿಡಿದು ಮೇಲೇರಿದರು. ಆಗ ಟ್ರಂಪೆಟ್ ಬಂತು. ಸೋಬಾನೆಯ ಎಳೆಯನ್ನೇ ಹಿಡಿದು ಬಾಗಿಸಿ, ಒಡೆದು, ತಮಟೆಯೊಡನೆ ಜಗಳವಾಡಿ, ಮತ್ತೆ ಮುದುಕಿಯ ದನಿಯ ಪಕ್ಕಕ್ಕೆ ಬಂದು ನಿಂತಿತು. ಹನ್ನೊಂದು ನಿಮಿಷ ಯಾರೂ ನಿಲ್ಲಿಸಲಿಲ್ಲ. ಮುಗಿದಾಗ ದೊಡ್ಡಹನುಮಯ್ಯ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಗಾಜಿನಾಚೆಯಿಂದ ಅಶೋಕ್ ಎದ್ದು ಬಂದರು. "ಇನ್ನೊಂದ್ಸಲ ಬೇಡ ಮೇಡಂ. ಇದೇ ಇರ್ಲಿ," ಎಂದರು.

ನಾಲ್ಕು ದಿನದಲ್ಲಿ ಒಂಬತ್ತು ಹಾಡುಗಳಾದವು. ಆಲ್ಬಂ ಹೊರಬಂದ ತಿಂಗಳೊಳಗೆ ಕಾರ್ಖಾನೆಯ ಬಸ್ಸುಗಳಲ್ಲಿ, ರೇಷ್ಮೆ ನೂಲು ತೆಗೆಯುವ ಶೆಡ್ಡುಗಳಲ್ಲಿ ಅದೇ ಕೇಳುತ್ತಿತ್ತು. ಮುಂಬೈಯ ಜಾಝ್ ಉತ್ಸವದವರು ಗಿರಿಜಾಂಬಳನ್ನು ಕರೆದರು. ಬಂದರೆ ನಾಲ್ವರೂ ಬರುತ್ತೇವೆ ಎಂದಳು. ಅವರು ಸಂತೋಷದಿಂದ ಒಪ್ಪಿದರು.

ಅಲ್ಲಿ ಕಿಕ್ಕಿರಿದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೊದಲ ಹಾಡನ್ನು ಆಲ್ಬಂನಲ್ಲಿ ಇದ್ದಂತೆಯೇ ಇನ್ನೊಮ್ಮೆ ಹಾಡಿ ಎಂದು ಕೇಳಿದರು. ಗಿರಿಜಾಂಬ ಅದನ್ನು ಶಿವಲಿಂಗಮ್ಮನ ಕಿವಿಗೆ ಹೇಳಿದಳು.

"ಅಂಗೇ ಬರಾಕಿಲ್ಲ ಕಣವ್ವ," ಎಂದು ಶಿವಲಿಂಗಮ್ಮ ಮೈಕಿನತ್ತ ಸರಿದರು. "ಇವತ್ತಿಂದು ಬ್ಯಾರೆ ಬತ್ತದೆ, ನೀನು ಊದು."